ಬೈಗುಳ ಅನ್ನೋಕೆ ಬೈಸ್ಕೊಳ್ಳೋರು ಇರ್ಲೇಬೇಕಾ?

ಎಲ್ರಿಗೂ ನಮಸ್ಕಾರ,

ಒಂದು ಪದಕ್ಕೋಸ್ಕರ ವಾರದಿಂದ ಒದ್ದಾಡ್ತಿದ್ದೀನಿ, ನಿಮ್ಮಲ್ಲಿ ಯಾರಾದ್ರೂ ದಾರಿ ತೋರಿಸ್ಬೇಕು. ಗೆಳೆಯರ ಗುಂಪಲ್ಲಿ ತಿಂಗಳಿಗೊಂದು ಸಿನಿಮಾ ನೋಡ್ತೀವಿ, ನೋಡೋ ಮುಂಚೆ ಒಬ್ರು ಒಂದು ಪುಟ ಪರಿಚಯ ಬರೀಬೇಕು, ಈ ಸಲ ಅದು ನನ್ನ ತಲೆಗೆ ಬಿದ್ದಿದೆ. ಸಿನಿಮಾ 1999ರ ಸೌತ್ ಪಾರ್ಕ್: ಬಿಗ್ಗರ್, ಲಾಂಗರ್ ಅಂಡ್ ಅನ್‌ಕಟ್. ಕಾರ್ಟೂನೇ, ಆದ್ರೆ ಮಕ್ಕಳ ಜೊತೆ ಕೂತು ನೋಡೋದಲ್ಲ.

ಗೊತ್ತಿಲ್ದೋರಿಗೆ ಕತೆ ಚುಟುಕಾಗಿ. ಅಮೆರಿಕದ ಚಿಕ್ಕ ಊರಲ್ಲಿ ನಾಲ್ಕು ಹುಡುಗ್ರು ಕೆನಡಾದ ಒಂದು ದೊಡ್ಡೋರ ಸಿನಿಮಾಕ್ಕೆ ಹೇಗೋ ನುಗ್ಗಿ, ಅಲ್ಲಿದ್ದ ಹೊಲಸು ಮಾತೆಲ್ಲ ಕಲ್ತು ಸ್ಕೂಲಲ್ಲಿ ಉದುರಿಸ್ತಾರೆ, ತಾಯಂದಿರು ರೊಚ್ಚಿಗೇಳ್ತಾರೆ, ತಪ್ಪೆಲ್ಲ ಕೆನಡಾದ್ದು ಅಂತ ಹಾಡು ಕಟ್ತಾರೆ, ಕೊನೆಗೆ ಎರಡು ದೇಶಕ್ಕೂ ಯುದ್ಧವೇ ಆಗೋಗುತ್ತೆ. ಕೆಟ್ಟ ಮಾತಿಗೆ ಹೌಹಾರೋ ಜನಕ್ಕೆ ಹೆಣ ಬೀಳೋದು ಮಾತ್ರ ಕಣ್ಣಿಗೇ ಬೀಳಲ್ಲ, ತಮಾಷೆ ಇರೋದೇ ಅಲ್ಲಿ. ಗಿನ್ನೆಸ್‌ನವರ ಲೆಕ್ಕದಲ್ಲಿ ಇದ್ರಲ್ಲಿ 399 ಕೆಟ್ಟ ಮಾತು, 128 ಅಸಭ್ಯ ಸನ್ನೆ, 221 ಹಿಂಸೆಯ ಕೃತ್ಯ ಇದ್ಯಂತೆ. ಸಿನಿಮಾ ಇರೋದೇ 81 ನಿಮಿಷ, ಅಂದ್ರೆ ನಿಮಿಷಕ್ಕೆ ಹತ್ತಿರತ್ತಿರ ಐದು ಕೆಟ್ಟ ಮಾತು. (ಕೂತು ಎಣಿಸಿದೋನ ಸಂಬಳ ಎಷ್ಟಿತ್ತೋ.)

ನನ್ನ ತೊಡಕು ಈ 399ರ ಹತ್ರ ಶುರುವಾಯ್ತು. "399 ಬೈಗುಳಗಳು" ಅಂತ ಬರ್ದು ಮುಂದೆ ಹೋದೆ, ರಾತ್ರಿ ಇನ್ನೊಂದ್ಸಲ ಓದ್ದಾಗ ತಪ್ಪು ಅನ್ನಿಸ್ತು. ಕನ್ನಡದಲ್ಲಿ ಬೈ ಅಂದ್ರೆ ಯಾರನ್ನ ಅನ್ನೋ ಪ್ರಶ್ನೆ ಕೂಡ್ಲೇ ಬರುತ್ತೆ. ಬೈದ ಅಂದ್ಮೇಲೆ ಬೈಸ್ಕೊಂಡೋನು ಒಬ್ಬ ಇರ್ಲೇಬೇಕು. ಈ ಹುಡುಗ್ರು ಅರ್ಧ ಹೊತ್ತು ಯಾರನ್ನೂ ಬೈತಿಲ್ಲ, ಖುಷಿಗೆ, ಆಶ್ಚರ್ಯಕ್ಕೆ, ಬಾಯಿಚಟಕ್ಕೆ ಸುಮ್ನೆ ಅಂತಿದ್ದಾರೆ. ಇಂಗ್ಲಿಷ್‌ನೋರು ಇದಕ್ಕೆ ಸ್ವೇರ್ ವರ್ಡ್ ಅಂತಾರೆ, ಆದ್ರೆ ಅವರ ಸ್ವೇರ್‌ನಲ್ಲಿ ನಮ್ಮ ಆಣೆನೂ ಸೇರ್ಕೊಂಡಿದೆ. ನಮ್ಮಲ್ಲಿ ದೇವ್ರಾಣೆ ಅಂದ್ರೆ ಯಾರೂ ಕಿವಿ ಮುಚ್ಕೊಳಲ್ಲ. ನಾಶವಾಗ್ ಹೋಗು ಅನ್ನೋದು ಶಾಪ, ಅದು ಬೇರೆ ಖಾತೆ. ನರಕ ಅನ್ನೋದಂತೂ ಹರಿಕತೆಲೂ ಬರುತ್ತೆ. ಈ ಸಿನಿಮಾಕ್ಕೆ ಮೊದ್ಲು ಇಟ್ಟಿದ್ದ ಹೆಸರಲ್ಲಿ ಹೆಲ್ ಅನ್ನೋ ಪದ ಇದೆ ಅಂತ ಅಮೆರಿಕದ ರೇಟಿಂಗ್ ಮಂಡಳಿ ಬೇಡ ಅಂತಂತೆ, ಅದನ್ನ "ನರಕ ಅನ್ನೋ ಪದಕ್ಕೆ ಆಕ್ಷೇಪ ಬಂತು" ಅಂತ ಕನ್ನಡದಲ್ಲಿ ಬರೆದ್ರೆ ಓದಿದೋರು ಯಾಕಪ್ಪಾ ಅಂತ ಕೇಳ್ತಾರೆ.

ನಮ್ಮ ಮಾವ ಕೋರ್ಟ್ ಆಫೀಸಲ್ಲಿದ್ದು ರಿಟೈರ್ ಆದೋರು, ಅವರು "ಅವಾಚ್ಯ ಶಬ್ದ ಅಂತ ಬರೀರಿ, ಮುಗೀತು" ಅಂದ್ರು. ಪೇಪರಲ್ಲಿ ದಿನಾ ಓದ್ತೀವಲ್ಲ, ಅವಾಚ್ಯ ಶಬ್ದಗಳಿಂದ ನಿಂದಿಸಿ ಜೀವ ಬೆದರಿಕೆ ಹಾಕಿದ್ದಾರೆ ಅಂತ. ಬಿಡಿಸಿ ನೋಡಿದ್ರೆ ಪದ ಚೆನ್ನಾಗೇ ಕೂರುತ್ತೆ, ಹೇಳ್ಬಾರದ್ದು, ಬಾಯಲ್ಲಿ ಬರ್ಬಾರದ್ದು ಅಂತಷ್ಟೇ, ಯಾರಿಗೆ ಹೇಳಿದ್ದು ಅನ್ನೋ ಹಂಗಿಲ್ಲ. ಸಿನಿಮಾದಲ್ಲಿ ಕಾರ್ಟ್‌ಮನ್ ಅನ್ನೋ ಹುಡುಗನ ತಲೇಲಿ ಡಾಕ್ಟ್ರು ವಿ-ಚಿಪ್ ಅಂತ ಒಂದು ಕೂರಿಸ್ತಾರೆ, ಬಾಯಿಂದ ಕೆಟ್ಟ ಪದ ಬಂತೋ ಫಟ್ ಅಂತ ಶಾಕ್. (ವಿ-ಚಿಪ್ ನಿಜವಾಗ್ಲೂ ಇರೋದೇ, 1996ರ ಕಾಯ್ದೆ ಪ್ರಕಾರ ಅಲ್ಲಿ 13 ಇಂಚು ಮತ್ತು ಅದಕ್ಕಿಂತ ದೊಡ್ಡ ಟಿವಿಗಳಲ್ಲಿ ಹಾಕ್ಬೇಕಾಯ್ತು, ಆದ್ರೆ ಅದು ಕಾರ್ಯಕ್ರಮದ ರೇಟಿಂಗ್ ನೋಡಿ ಟಿವಿ ಮುಚ್ಚುತ್ತೆ, ಬಾಯನ್ನಲ್ಲ.) ಆ ಹುಡುಗನ ಚಿಪ್‌ಗೆ ಅವನು ಯಾರನ್ನ ಬೈದ, ಸಿಟ್ಟಲ್ಲೋ ಖುಷೀಲೋ ಅನ್ನೋದೆಲ್ಲ ಬೇಕಿಲ್ಲ, ಪದ ಬಿತ್ತಾ ಶಾಕ್ ಬಿತ್ತು. ಅದು ಹಿಡಿಯೋದು ಬೈಗುಳನಲ್ಲ, ಅವಾಚ್ಯನ. ಸೆನ್ಸಾರ್‌ನೋರ ಕಿವಿನೂ ಹಂಗೇ ಅಲ್ವಾ.

ಆದ್ರೂ ಅವಾಚ್ಯ ಅಂದ್ರೆ ಪೊಲೀಸ್ ಸ್ಟೇಷನ್ ವಾಸನೆ ಹೊಡಿಯುತ್ತೆ, ಎಂಟು ವರ್ಷದ ಹುಡುಗ ಅವಾಚ್ಯ ಶಬ್ದ ನುಡಿದ ಅಂತ ಬರೆಯೋಕೆ ಕೈ ಬರಲ್ಲ. ಪೋಲಿ ಮಾತು ಅಂದ್ರೆ ಬರೀ ಸೆಕ್ಸ್ ಕಡೆಗೆ ಎಳೆಯುತ್ತೆ, ಹೊಲಸು ಮಾತು ಪರವಾಗಿಲ್ಲ, ಕೆಟ್ಟ ಮಾತು ತೀರಾ ಸಪ್ಪೆ. ಸದ್ಯಕ್ಕೆ ಹೊಲಸು ಮಾತು ಅಂತ ಹಾಕಿದ್ದೀನಿ.

ಹಾಗಾದ್ರೆ ಯಾರಿಗೂ ತಗುಲದೆ ಸುಮ್ನೆ ಗಾಳಿಗೆ ಅನ್ನೋ ಬೈಗುಳ ನಮ್ಮಲ್ಲಿ ಇಲ್ವೇ ಇಲ್ವಾ ಅಂತ ಮನೇಲಿ ಕೇಳ್ದೆ. ನಾನು ತುಮಕೂರು ಕಡೆಯೋನು, ಕಾಲಿಗೆ ಕಲ್ಲು ಎಡವಿದ್ರೆ ಇದ್ರಜ್ಜಿ ಅಂತೀನಿ. ನನ್ನ ಹೆಂಡ್ತಿ ಹುಬ್ಬಳ್ಳಿಯೋಳು, ಅವಳ ತಮ್ಮಂದಿರು ಮಾತೆತ್ತಿದ್ರೆ ಅವ್ನೌನ್, ಊಟ ಚೆನ್ನಾಗಿದ್ರೂ ಅವ್ನೌನ್, ಬಸ್ಸು ತಪ್ಪಿದ್ರೂ ಅವ್ನೌನ್. ಅಲ್ಲಿ ಬೈಸ್ಕೊಳ್ಳೋರು ಯಾರೂ ಇಲ್ಲ, ಇಂಗ್ಲಿಷ್ ಪದ ಮಾಡೋ ಕೆಲಸನೇ ಅದು ಮಾಡ್ತಿದೆ ಅಂತ ಮೊದ್ಲು ಖುಷಿಪಟ್ಟೆ. ಆಮೇಲೆ ನೋಡಿದ್ರೆ ಎರಡ್ರಲ್ಲೂ ಒಬ್ಬ "ಅವನು", ಒಂದು "ಇದು" ಒಳಗೆ ಕೂತಿದೆ! ಎದುರಿಗೆ ಯಾರೂ ಇಲ್ದಿದ್ರೂ ಕಲ್ಲಿಗೊಂದು ಅಜ್ಜಿ ಹುಟ್ಟಿಸಿ, ಊಟಕ್ಕೊಬ್ಬ ಅವ್ವನ್ನ ಕರ್ಕೊಂಡ್ ಬಂದು ಬೈತೀವಿ. ಕನ್ನಡಿಗರು ಒಂಟಿಯಾಗಿ ಬೈಯಲ್ಲ ಅನ್ಸುತ್ತೆ, ಬೈಸ್ಕೊಳ್ಳೋಕೆ ಒಂದು ಸಂಸಾರನೇ ಬೇಕು.

ಇನ್ನೊಂದು ಹೆಸರಿನ ವಿಷಯ. ಹೆಲ್ ಬೇಡ ಅಂದ್ಮೇಲೆ ಇವ್ರು ಇಟ್ಟ ಹೆಸರು ಮೊದಲಿಂದಕ್ಕಿಂತ ಪೋಲಿ, ಕತ್ತರಿ ಬೀಳದ ಸಿನಿಮಾ ಅಂತನೂ ಆಗುತ್ತೆ, ಇನ್ನೊಂದೂ ಆಗುತ್ತೆ, ಬಿಡಿಸಿ ಹೇಳಲ್ಲ. ನಮ್ಮ ಪೇಪರ್ ಭಾಷೇಲಿ "ಒಂದೂ ಕಟ್ ಇಲ್ಲದ" ಅಂತಾರೆ, ಅದು ಬರೀ ಸುದ್ದಿ ಆಯ್ತು. ನಾನು "ದೊಡ್ಡದು, ಉದ್ದದ್ದು, ಕತ್ತರಿ ಮುಟ್ಟದ್ದು" ಅಂತ ಮಾಡಿದ್ದೀನಿ. ಇಂಗ್ಲಿಷ್ ಗುಣವಾಚಕಕ್ಕೆ ಇಲ್ದಿರೋ ಅನುಕೂಲ ನಮ್ಮ "ದು"ಗಿದೆ, ಯಾವುದು ಅಂತ ಹೇಳ್ದೆ ಎಲ್ಲಾ ಹೇಳ್ಬಿಡುತ್ತೆ. ಮಾವನಿಗೆ ಮಾತ್ರ ಇನ್ನೂ ತೋರ್ಸಿಲ್ಲ.

ಬ್ಲೀಪ್‌ಗೂ ಒಂದು ಪದ ಬೇಕು. ಟಿವಿಯೋರು ಬೀಪ್ ಹಾಕಿದ್ರು ಅಂತಾರೆ, ಸಿನಿಮಾದೋರು ಮ್ಯೂಟ್ ಮಾಡ್ಸಿದ್ರು ಅಂತಾರೆ, ಪತ್ರಿಕೆಯೋರು ಚುಕ್ಕಿ ಹಾಕ್ತಾರೆ. ಆದ್ರೆ 2000ದ ಆಸ್ಕರ್ ಸಮಾರಂಭದಲ್ಲಿ ಆ ಕೆನಡಾ ಹಾಡು ನಾಮಿನೇಟ್ ಆಗಿ ನಟ ರಾಬಿನ್ ವಿಲಿಯಮ್ಸ್ ಸ್ಟೇಜ್ ಮೇಲೆ ಹಾಡಿದ್ರಲ್ಲ, ಆ ಒಂದು ಪದ ಬರೋ ಜಾಗದಲ್ಲಿ ಅವರು ತಿರುಗಿ ನಿಂತ್ರು, ಹಿಂದಿದ್ದ ಕೋರಸ್‌ನೋರೆಲ್ಲ ಹಾ ಅಂತ ಉಸಿರೆಳೆದ್ರು. ಅದು ಬೀಪೂ ಅಲ್ಲ, ಮ್ಯೂಟೂ ಅಲ್ಲ, ಚುಕ್ಕಿನೂ ಅಲ್ಲ. "ನುಂಗಿದ ಮಾತು" ಅಂತ ಬರ್ದಿದ್ದೀನಿ, ಇದಕ್ಕಿಂತ ಒಳ್ಳೇದಿದ್ರೆ ಹೇಳಿ.

ಕುಂದಾಪುರ, ಶಿರಸಿ, ಬೀದರ್, ಚಾಮರಾಜನಗರ ಕಡೆಯೋರು ಮುಖ್ಯವಾಗಿ ಉತ್ತರ ಕೊಡ್ಬೇಕು: ಅಜ್ಜಿ, ಅವ್ವ, ಅವನು, ಇದು ಯಾವ್ದೂ ಒಳಗಿಲ್ದೆ ಬರೀ ಗಾಳಿಗೆ ಅನ್ನೋ ಒಂದು ಹೊಲಸು ಮಾತು ನಿಮ್ಮ ಕಡೆ ಇದ್ಯಾ? ಥೂ, ಛೀ ಲೆಕ್ಕಕ್ಕಿಲ್ಲ. ಶನಿವಾರದೊಳಗೆ ಬೇಕು. ಇಲ್ಲಿ ಬರೆಯೋಕೆ ಸಂಕೋಚ ಆದ್ರೆ ಮಧ್ಯದಲ್ಲಿ ಚುಕ್ಕಿ ಹಾಕಿ ಕಳ್ಸಿ, ತುಂಬ್ಕೋತೀವಿ.