ಸ್ಟಾರ್ಟರ್ ಒತ್ತಿದರೆ ಥ್ರಾಟಲ್ ಕೇಬಲ್ ಬಿಸಿಯಾಗುತ್ತಿದೆ, ಯಾಕೆ?

ಡೇಟನ್_ಗ್ಯಾರೇಜ್

ಎಲ್ಲರಿಗೂ ನಮಸ್ಕಾರ. ನಾನಿರುವುದು ಅಮೆರಿಕದ ಒಹಾಯೊದಲ್ಲಿ, ಡೇಟನ್ ಹತ್ತಿರ. ಊರು ತಿಪಟೂರು. ಹಗಲು ಸಾಫ್ಟ್‌ವೇರ್, ರಾತ್ರಿ ಎಂಟರ ಮೇಲೆ ಗ್ಯಾರೇಜಿನಲ್ಲಿ ವಿಮಾನ. ವ್ಯಾನ್ಸ್ ಕಂಪನಿಯ ಆರ್‌ವಿ-9ಎ ಕಿಟ್, ಲೈಕಮಿಂಗ್ ಓ-320 ಎಂಜಿನ್. ಶುರು ಮಾಡಿ ಐದು ವರ್ಷ ಆಯಿತು. ರಿವೆಟ್ ಹೊಡೆಯುವುದೆಲ್ಲ ಮುಗಿದು ಈಗ ವೈರಿಂಗ್ ಹಿಡಿದಿದ್ದೇನೆ. ರಿವೆಟ್ ಸದ್ದೇ ವಾಸಿಯಿತ್ತು, ಆಗ ನಿಮ್ಮ ಬೈಗುಳ ಒಳಗೆ ಕೇಳಿಸುತ್ತಿರಲಿಲ್ಲ ಅನ್ನುತ್ತಾಳೆ ಹೆಂಡತಿ.

ಇದು ರೈಟ್ ಸಹೋದರರ ಊರು. ಅವರಿಗೆ ಈ ತಲೆನೋವು ಇರಲೇ ಇಲ್ಲ. 1903ರ ವಿಮಾನದಲ್ಲಿ ಒಂದು ಮ್ಯಾಗ್ನೆಟೊ, ಅಂದರೆ ತಿರುಗಿದಾಗ ಕಿಡಿಗೆ ಬೇಕಾದ ಕರೆಂಟನ್ನು ತಾನೇ ಹುಟ್ಟಿಸುವ ಯಂತ್ರ, ಇತ್ತು ಅಷ್ಟೇ. ಎಂಜಿನ್ ಚಾಲೂ ಮಾಡುವ ಬ್ಯಾಟರಿಯನ್ನು ನೆಲದ ಮೇಲೇ ಬಿಟ್ಟು ಹಾರಿದರು. ಪುಣ್ಯವಂತರು.

ವಿಷಯಕ್ಕೆ ಬರುತ್ತೇನೆ. ಹೋದ ಶನಿವಾರ ಮೊದಲ ಸಲ ಎಂಜಿನ್ ತಿರುಗಿಸಿದೆ. ಚಾಲೂ ಮಾಡುವುದಕ್ಕಲ್ಲ, ಎಣ್ಣೆ ಎಲ್ಲ ಕಡೆ ಏರಲಿ ಅಂತ. ನಾಲ್ಕೂ ಸಿಲಿಂಡರಿನ ಮೇಲಿನ ಪ್ಲಗ್ ತೆಗೆದಿದ್ದೆ. ಟ್ಯಾಂಕಿಗೆ ಇನ್ನೂ ಒಂದು ಹನಿ ಪೆಟ್ರೋಲ್ ಹಾಕಿಲ್ಲ. ಮ್ಯಾಗ್ನೆಟೊ ಸ್ವಿಚ್ ಎರಡೂ ಆಫ್. ಬಟನ್ ಒತ್ತಿದೆ, ಕಾಂಟ್ಯಾಕ್ಟರ್ (ಸ್ಟಾರ್ಟರ್‌ಗೆ ಕರೆಂಟು ಬಿಡುವ ದೊಡ್ಡ ರಿಲೇ) ಟಕ್ ಅಂತು, ಪ್ರೊಪೆಲ್ಲರ್ ತಿರುಗಿತು. ಆದರೆ ಹೇಗೆ? ಎತ್ತಿನ ಗಾಣದ ಹಾಗೆ. ಪ್ಲಗ್ ತೆಗೆದ ಮೇಲೆ ಕಂಪ್ರೆಶನ್ನೇ ಇಲ್ಲ, ಗಿರ್ ಅಂತ ತಿರುಗಬೇಕಿತ್ತು.

ಹತ್ತು ಹತ್ತು ಸೆಕೆಂಡಿನಂತೆ ಮೂರು ಸಲ ಒತ್ತಿದೆ. ಮೂರನೆಯ ಸಲ ಸುಟ್ಟ ಪ್ಲಾಸ್ಟಿಕ್ ವಾಸನೆ. ಟಾರ್ಚ್ ಹಿಡಿದು ಹುಡುಕಿದೆ. ಹೊಗೆ ಎಲ್ಲೂ ಇಲ್ಲ. ಥ್ರಾಟಲ್ ಕೇಬಲ್ ಮುಟ್ಟಿದರೆ ಬೆರಳು ಚುರ್ ಅಂತು! ಪಕ್ಕದ ಮಿಕ್ಸ್ಚರ್ ಕೇಬಲ್ (ಗಾಳಿಗೆ ಎಷ್ಟು ಪೆಟ್ರೋಲ್ ಬೆರೆಯಬೇಕು ಅಂತ ಹೊಂದಿಸುವುದು) ಕೂಡ ಬೆಚ್ಚಗಿತ್ತು. ಅದರಲ್ಲಿ ಕರೆಂಟೇ ಇಲ್ಲವಲ್ಲ, ಬರೀ ಎಳೆಯುವ ತಂತಿ.

ನೋಡಿದ್ದು: ಬ್ಯಾಟರಿ ಸುಮ್ಮನಿದ್ದಾಗ 12.8 ವೋಲ್ಟ್, ಸ್ಟಾರ್ಟರ್ ಒತ್ತಿದಾಗ 10.6. ಎಂಜಿನ್ನಿಗೂ ಬ್ಯಾಟರಿ ನೆಗೆಟಿವ್‌ಗೂ ಮಲ್ಟಿಮೀಟರ್ ಇಟ್ಟರೆ ಬೀಪ್ ಅನ್ನುತ್ತದೆ, ಅಂದರೆ ಅರ್ಥ್ ಸರಿ ಇದೆ. ಎಂಜಿನ್ನಿಗೂ ನಾವು ಕೂರುವ ಜಾಗಕ್ಕೂ ನಡುವಿನ ಗೋಡೆಗೆ ಫೈರ್‌ವಾಲ್ ಅನ್ನುತ್ತಾರೆ. ಬ್ಯಾಟರಿ ನೆಗೆಟಿವ್ ವೈರ್ ಫೈರ್‌ವಾಲ್‌ನ ಹಿತ್ತಾಳೆ ಬೋಲ್ಟ್‌ಗೆ ಹೋಗುತ್ತದೆ. ಎಂಜಿನ್ನಿನಿಂದ ಹೆಣೆದ ತಾಮ್ರದ ಪಟ್ಟಿ ಬಂದು ಎಂಜಿನ್ ಮೌಂಟ್ (ಎಂಜಿನ್ ಹೊರುವ ಚೌಕಟ್ಟು) ಕೂರುವ ಒಂದು ಬೋಲ್ಟ್‌ಗೆ ಸೇರುತ್ತದೆ. ಮೌಂಟ್ ಉಕ್ಕು, ಬೋಲ್ಟ್ ಉಕ್ಕು, ಫೈರ್‌ವಾಲ್ ಸ್ಟೀಲು. ಎಲ್ಲಾ ಲೋಹವೇ ಅಲ್ವಾ?

ಇನ್ನೊಂದು. ಅಪ್ಪನಿಗೆ ತಿಪಟೂರಿನಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ ಇತ್ತು, ನಲವತ್ತು ವರ್ಷ ಬೋರ್‌ವೆಲ್ ಮೋಟರ್ ಕಟ್ಟಿದವರು. ವಿಡಿಯೊ ಕಾಲ್‌ನಲ್ಲಿ ನನ್ನ ಕ್ರಿಂಪ್ ಮಾಡಿದ ಲಗ್‌ಗಳನ್ನು (ವೈರಿನ ತುದಿಗೆ ಒತ್ತಿ ಕೂರಿಸಿದ, ಬೋಲ್ಟ್‌ಗೆ ಸಿಕ್ಕಿಸುವ ಬಳೆಗಳು) ನೋಡಿ, "ಸೋಲ್ಡರ್ ಹಾಕದೇ ಏನು ಜಾಯಿಂಟೋ ಅದು" ಅಂದರು. ಹಾಕಬೇಕಾ? ಅಥವಾ ಸ್ಟಾರ್ಟರ್ರೇ ಕೆಟ್ಟಿದೆಯಾ? ಇಡೀ ವಿಮಾನಕ್ಕೆ ಬ್ಯಾಟರಿ ಜೋಡಿಸುವ ಮಾಸ್ಟರ್ ಕಾಂಟ್ಯಾಕ್ಟರ್ ಕೂಡ ಕೈಗೆ ಬೆಚ್ಚಗೆ ತಾಗುತ್ತದೆ.

ಹಳೇ_ಹ್ಯಾಂಗರ್

ಮೊದಲು ಹೋಗಿ ಬ್ಯಾಟರಿ ನೆಗೆಟಿವ್ ಕಳಚಿ ಬನ್ನಿ. ಆಮೇಲೆ ಮುಂದೆ ಓದಿ.

ಕಳಚಿದ್ರಾ? ಸರಿ. ನಾನು ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಎಲೆಕ್ಟ್ರಿಕಲ್ ಕಡೆ ಇದ್ದು ನಿವೃತ್ತನಾದವನು. ನಿಮ್ಮ ಸ್ಟಾರ್ಟರ್ ಚೆನ್ನಾಗಿಯೇ ಇದೆ ಅನ್ನಿಸುತ್ತದೆ. ಕರೆಂಟು ವಾಪಸು ಬರುವ ದಾರಿ ಕೆಟ್ಟಿದೆ.

ಎಂಜಿನ್ ಕೂತಿರುವುದು ರಬ್ಬರಿನ ಮೇಲೆ. ಅಂದರೆ ಕರೆಂಟಿನ ಲೆಕ್ಕದಲ್ಲಿ ಅದು ಗಾಳಿಯಲ್ಲಿ ತೇಲುತ್ತಿದೆ. ಸ್ಟಾರ್ಟರ್ 150ರಿಂದ 200 ಆಂಪ್ಸ್ ಎಳೆಯುತ್ತದೆ. ಅಷ್ಟೂ ಎಂಜಿನ್ ಮೈಯಿಂದ ಬ್ಯಾಟರಿಗೆ ವಾಪಸು ಬರಬೇಕು. ನೀವು ತಾಮ್ರದ ಪಟ್ಟಿಯನ್ನು ಮೌಂಟ್‌ನ ಬೋಲ್ಟ್‌ಗೆ ಹಾಕಿದ್ದೀರಿ. ಆ ಮೌಂಟ್‌ಗೆ ಪೌಡರ್ ಕೋಟಿಂಗ್ ಇರುತ್ತದೆ. ನೋಡಲು ಬಣ್ಣ, ಕೆಲಸದಲ್ಲಿ ಒಳ್ಳೇ ಇನ್ಸುಲೇಟರ್. ಬೋಲ್ಟ್‌ನ ಎಳೆಯಲ್ಲಿ ಎಲ್ಲೋ ಚೂರು ಲೋಹ ತಾಗಿರುತ್ತದೆ, ಅದಕ್ಕೇ ನಿಮ್ಮ ಮೀಟರ್ ಬೀಪ್ ಅಂದಿದ್ದು.

ಸರಿಯಾದ ದಾರಿ ಸಿಗದಿದ್ದಾಗ ಕರೆಂಟು ಸುಮ್ಮನೆ ಕೂರುವುದಿಲ್ಲ. ಎಂಜಿನ್ನಿಗೂ ವಿಮಾನದ ಮೈಗೂ ಸೇತುವೆಯಾಗಿ ಇನ್ನೇನಿದೆ? ಥ್ರಾಟಲ್ ಕೇಬಲ್, ಮಿಕ್ಸ್ಚರ್ ಕೇಬಲ್. ಜೊತೆಗೆ ಸ್ಟೀಲ್ ಹೆಣಿಗೆಯ ಪೆಟ್ರೋಲ್ ಹೋಸ್. ಹೌದು, ಪೆಟ್ರೋಲ್ ಹೋಸ್ ಮೂಲಕವೂ ಹರಿದಿರಬಹುದು. ಟ್ಯಾಂಕ್ ಖಾಲಿ ಇಟ್ಟುಕೊಂಡು ಇದನ್ನು ಮಾಡಿದ್ದು ಒಳ್ಳೆಯದಾಯಿತು.

ಪರೀಕ್ಷೆ ಸುಲಭ. ಮೀಟರನ್ನು ಡಿಸಿ ವೋಲ್ಟ್‌ಗೆ ಹಾಕಿ. ಒಂದು ಕಡ್ಡಿ ಎಂಜಿನ್ ಕ್ರ್ಯಾಂಕ್‌ಕೇಸಿನ ಬಣ್ಣವಿಲ್ಲದ ಜಾಗಕ್ಕೆ, ಇನ್ನೊಂದು ಬ್ಯಾಟರಿಯ ನೆಗೆಟಿವ್ ಕಂಬಕ್ಕೆ. ಕಂಬಕ್ಕೇ ಇಡಿ, ಲಗ್‌ಗಲ್ಲ. ಮೂರು ಸೆಕೆಂಡು ಮಾತ್ರ ಸ್ಟಾರ್ಟರ್ ಒತ್ತಿ, ಓದಿಕೊಳ್ಳಿ. ಆಮೇಲೆ ಕಾರಿನ ಜಂಪರ್ ಕೇಬಲ್ ಒಂದನ್ನು ಕ್ರ್ಯಾಂಕ್‌ಕೇಸಿನಿಂದ ಬ್ಯಾಟರಿ ನೆಗೆಟಿವ್‌ಗೆ ಹಾಕಿ ಮತ್ತೆ ನೋಡಿ. ಪ್ರೊಪೆಲ್ಲರ್ ಸುತ್ತ ಯಾರೂ ಇರಬಾರದು, ಹೇಳಬೇಕಾಗಿಲ್ಲ ತಾನೇ.

ಸೋಲ್ಡರ್ ಬಗ್ಗೆ: ನಿಮ್ಮ ತಂದೆಯವರು ಹೇಳಿದ್ದು ಅವರ ಕೆಲಸಕ್ಕೆ ಸರಿ. ಸುತ್ತಿದ ಕಾಯಿಲ್ ಅಲ್ಲಾಡುವುದಿಲ್ಲ, ವಾರ್ನಿಷ್‌ನಲ್ಲಿ ಕೂತಿರುತ್ತದೆ. ವಿಮಾನದ ವೈರ್ ಹಗಲೂ ರಾತ್ರಿ ನಡುಗುತ್ತದೆ. ಸೋಲ್ಡರ್ ಎಳೆಗಳ ಒಳಗೆ ನೀರಿನ ಹಾಗೆ ಏರಿ ಅಲ್ಲಿವರೆಗೂ ತಂತಿಯನ್ನು ಗಟ್ಟಿ ಕಡ್ಡಿ ಮಾಡುತ್ತದೆ. ಗಟ್ಟಿ ಮುಗಿದು ಮೆತ್ತಗೆ ಶುರುವಾಗುವ ಕಡೆಯೇ ತುಂಡಾಗುವುದು. ಸೋಲ್ಡರ್ ಮಾಡಬಾರದು ಅಂತಲ್ಲ, ಮಾಡಿದರೆ ಹಿಂದೆ ಆಸರೆ ಕೊಡಬೇಕು. ಒಳ್ಳೇ ಡೈ ಇರುವ ಕ್ರಿಂಪರ್ ನಿಮ್ಮಲ್ಲಿದ್ದರೆ ಅದೇ ಸಾಕು. ಒಂದು ಲಗ್ ಅನ್ನು ಗರಗಸದಲ್ಲಿ ಅಡ್ಡ ಕೊಯ್ದು ನೋಡಿ. ಎಳೆಗಳು ಬೇರೆ ಬೇರೆ ಕಾಣದೆ ಒಂದೇ ತಾಮ್ರದ ಗಟ್ಟಿಯಂತಿದ್ದರೆ ನಿಮ್ಮ ಕೈ ಸರಿಯಾಗಿದೆ.

ಮಾಸ್ಟರ್ ಕಾಂಟ್ಯಾಕ್ಟರ್ ಬೆಚ್ಚಗಿರುವುದು ಸಹಜ. ಕಾಯಿಲ್ ಸದಾ ಸುಮಾರು ಒಂದು ಆಂಪ್ ಕುಡಿಯುತ್ತದೆ. ಆದರೆ ಅದು ಸದಾ ಆನ್ ಇಡುವ ಜಾತಿಯದೇ ಅಂತ ಖಾತ್ರಿ ಮಾಡಿಕೊಳ್ಳಿ. ಸ್ಟಾರ್ಟರ್‌ಗೆ ಬರುವುದೂ ನೋಡಲು ಹೆಚ್ಚೂಕಡಿಮೆ ಹಾಗೇ ಇರುತ್ತದೆ, ಅದನ್ನು ಇಲ್ಲಿ ಹಾಕಿದರೆ ಕಾಯಿಲ್ ಸುಟ್ಟುಹೋಗುತ್ತದೆ.

ಡೇಟನ್_ಗ್ಯಾರೇಜ್

ಸರ್, ನಿನ್ನೆ ರಾತ್ರಿ ನೀವು ಹೇಳಿದ ಹಾಗೇ ಮಾಡಿದೆ. ಮೊದಲ ಪರೀಕ್ಷೆ: 2.6 ವೋಲ್ಟ್! ಜಂಪರ್ ಹಾಕಿದ ಮೇಲೆ 0.3. ಪ್ರೊಪೆಲ್ಲರ್ ಎಷ್ಟು ಜೋರಾಗಿ ತಿರುಗಿತು ಅಂದರೆ ಗ್ಯಾರೇಜಿನ ಧೂಳೆಲ್ಲ ಎದ್ದು ನನ್ನ ಮೇಲೇ ಬಂತು. ಮಗಳು ಬಾಗಿಲ ಹಿಂದೆ ನಿಂತು ಚಪ್ಪಾಳೆ ಹೊಡೆದಳು.

ಒಂದು ಮಾತ್ರ ಅರ್ಥವಾಗಲಿಲ್ಲ. ಓಮ್ಸ್‌ನಲ್ಲಿ ಅಳೆದರೆ 0.2 ತೋರಿಸುತ್ತಿತ್ತು. ಕಡ್ಡಿಗಳನ್ನು ಒಂದಕ್ಕೊಂದು ಮುಟ್ಟಿಸಿದರೂ 0.2. ಅಂದರೆ ಸೊನ್ನೆ ತಾನೇ?

ಹಳೇ_ಹ್ಯಾಂಗರ್

ಲೆಕ್ಕ ಹಾಕಿ ನೋಡಿ. 2.6 ವೋಲ್ಟನ್ನು 150 ಆಂಪ್ಸ್‌ನಿಂದ ಭಾಗಿಸಿದರೆ ಸುಮಾರು 0.017 ಓಮ್. ನಿಮ್ಮ ಮೀಟರಿನ ಕಡ್ಡಿ ವೈರ್‌ಗೇ 0.2 ಇದೆ. ಅದರ ಹತ್ತರಲ್ಲಿ ಒಂದು ಭಾಗಕ್ಕಿಂತ ಚಿಕ್ಕದನ್ನು ಅದು ಹೇಗೆ ಕಂಡುಹಿಡಿಯಬೇಕು? ಕೊಬ್ಬರಿ ಮೂಟೆ ತೂಗುವ ತಕ್ಕಡಿಯಲ್ಲಿ ಮೂಗುತಿ ತೂಗಿದ ಹಾಗೆ.

ಅದೇ 2.6ನ್ನು 150ರಿಂದ ಗುಣಿಸಿ. 390 ವಾಟ್. ಒಂದು ಇಸ್ತ್ರಿ ಪೆಟ್ಟಿಗೆಯ ಅರ್ಧ ಶಾಖ ನಿಮ್ಮ ಕೇಬಲ್‌ಗಳಲ್ಲೂ ಆ ಬೋಲ್ಟಿನಲ್ಲೂ ಹಂಚಿಹೋಗಿದೆ. ದಪ್ಪ ವೈರಿನ ಬೆಲೆ ಇಲ್ಲಿ ಗೊತ್ತಾಗುತ್ತದೆ. 4 ಗೇಜ್ ತಾಮ್ರ ಮೀಟರಿಗೆ 0.8 ಮಿಲಿ ಓಮ್. 200 ಆಂಪ್ಸ್ ಹರಿದರೂ ಮೀಟರಿಗೆ 0.16 ವೋಲ್ಟ್ ಅಷ್ಟೇ ಕಳೆಯುತ್ತದೆ.

ಪಟ್ಟಿಯನ್ನು ಮೌಂಟ್‌ನಿಂದ ತೆಗೆದು ನೇರವಾಗಿ ಆ ಹಿತ್ತಾಳೆ ಬೋಲ್ಟ್‌ಗೇ ತನ್ನಿ. ಬ್ಯಾಟರಿ ನೆಗೆಟಿವ್, ಎಂಜಿನ್, ಒಳಗಿನ ಪ್ಯಾನೆಲ್ಲಿನ ಅರ್ಥ್, ಎಲ್ಲ ಒಂದೇ ಕಡೆ ಸೇರಲಿ. ಎಂಜಿನ್ ಅಲುಗಾಡುತ್ತದೆ, ಪಟ್ಟಿಗೆ ಸ್ವಲ್ಪ ಸಡಿಲ ಬಿಡಿ.

ವಿಚಿಟಾ_ಆರ್‌ವಿ7

ಬೇರೆಯವರ ಅಡುಗೆಮನೆಗೆ ನುಗ್ಗುತ್ತಿದ್ದೇನೆ, ಕ್ಷಮಿಸಿ. ನನ್ನ ಆರ್‌ವಿ-7 ಹಾರಲು ಶುರುಮಾಡಿ ನಾಲ್ಕು ವರ್ಷ ಆಯಿತು. ನಿಮ್ಮ ಮೊದಲ ಪೋಸ್ಟಿನಲ್ಲಿ "ಮ್ಯಾಗ್ನೆಟೊ ಸ್ವಿಚ್ ಆಫ್" ಅಂತ ಓದಿ ನನಗೆ ಎದೆ ಝಲ್ ಅಂತು.

ಮ್ಯಾಗ್ನೆಟೊಗೆ ಬ್ಯಾಟರಿ ಬೇಡ. ತಿರುಗಿದರೆ ಕಿಡಿ ಕೊಡುತ್ತದೆ. ಅದನ್ನು ನಿಲ್ಲಿಸುವ ಒಂದೇ ದಾರಿ ಪಿ-ಲೀಡ್ ವೈರನ್ನು (ಮ್ಯಾಗ್ನೆಟೊದಿಂದ ಸ್ವಿಚ್ಚಿಗೆ ಬರುವ ವೈರ್) ಮ್ಯಾಗ್ನೆಟೊದ ಮೈಗೇ ಅರ್ಥ್ ಮಾಡುವುದು. ನೀವು ಸ್ವಿಚ್ಚಿನ ಅರ್ಥನ್ನು ಪ್ಯಾನೆಲ್ಲಿಗೆ ಕೊಟ್ಟಿದ್ದರೆ, ಎಂಜಿನ್ನಿಗೂ ಪ್ಯಾನೆಲ್ಲಿಗೂ ಸಂಬಂಧ ಕಡಿದಾಗ ಸ್ವಿಚ್ ಆಫ್ ಇದ್ದೂ ಮ್ಯಾಗ್ನೆಟೊ ಜೀವಂತ! ಕೈಯಲ್ಲಿ ಪ್ರೊಪೆಲ್ಲರ್ ತಿರುಗಿಸುವಾಗ ಒದ್ದುಬಿಡಬಹುದು.

ನಾನು ಮಾಡಿದ್ದು ಹೀಗೆ. ಶೀಲ್ಡ್, ಅಂದರೆ ಮೇಲೆ ಲೋಹದ ಹೆಣಿಗೆ ಇರುವ ವೈರ್. ಎಂಜಿನ್ ಕಡೆ ಶೀಲ್ಡನ್ನು ಮ್ಯಾಗ್ನೆಟೊ ಮೈಗೆ ಕಟ್ಟಿದೆ. ಸ್ವಿಚ್ ಕಡೆ ಅದೇ ಶೀಲ್ಡ್ ಸ್ವಿಚ್ಚಿನ ಅರ್ಥ್ ಪಿನ್ನಿಗೆ ಮಾತ್ರ, ಪ್ಯಾನೆಲ್ಲಿಗೆ ತಾಗಲೇಬಾರದು. ವಾಪಸು ದಾರಿಯನ್ನು ವೈರ್ ತನ್ನ ಜೊತೆಗೇ ಹೊತ್ತುಕೊಂಡು ಬರುತ್ತದೆ. ರೇಡಿಯೊದಲ್ಲಿ ಕಟಕಟ ಸದ್ದೂ ಕಡಿಮೆ. ಎರಡೂ ಕಡೆ ಮೈಗೆ ಅರ್ಥ್ ಮಾಡಿದ್ದರೆ ನಿಮ್ಮ ಸ್ಟಾರ್ಟರ್ ಕರೆಂಟು ಆ ಶೀಲ್ಡಿನಲ್ಲೂ ಹರಿದಿರುತ್ತದೆ. ಇವತ್ತೇ ಬಿಚ್ಚಿ ನೋಡಿ.

ಹಾಗೇ ಹೆಡ್‌ಸೆಟ್ ಜ್ಯಾಕ್ ಕೂರಿಸುವಾಗ ಫೈಬರ್ ವಾಷರ್ ಮರೆಯಬೇಡಿ. ಜ್ಯಾಕ್ ಅಲ್ಯೂಮಿನಿಯಂಗೆ ತಾಗಿದರೆ ಆಲ್ಟರ್ನೇಟರ್ ಸೊಳ್ಳೆಯ ಹಾಗೆ ಕಿವಿಯಲ್ಲಿ ಕೂತುಬಿಡುತ್ತದೆ, ವೇಗ ಜಾಸ್ತಿಯಾದಷ್ಟೂ ಸ್ವರ ಏರಿಸುತ್ತಾ. ನಾನು ಒಂದು ವಾಷರ್ ಬಿಟ್ಟಿದ್ದೆ, ಮೂರು ವಾರ ರೇಡಿಯೊವನ್ನು ಬೈದೆ.

ಹುಬ್ಬಳ್ಳಿ_ಹುಡುಗ

ಅಣ್ಣಾ, ನಡುವೆ ಬಂದು ಕೇಳ್ತಿದ್ದೇನೆ, ತಪ್ಪು ತಿಳೀಬೇಡಿ. ಅಲ್ಲಿ ಮನೆಯಲ್ಲಿ ಕಟ್ಟಿದ ವಿಮಾನ ಹಾರಿಸೋಕೆ ನಿಜವಾಗ್ಲೂ ಬಿಡ್ತಾರಾ? ಯಾರು ನೋಡ್ತಾರೆ ಇದನ್ನೆಲ್ಲ?

ಡೇಟನ್_ಗ್ಯಾರೇಜ್

ಬಿಡ್ತಾರೆ ತಮ್ಮಾ. ಅರ್ಧಕ್ಕಿಂತ ಜಾಸ್ತಿ ಕೆಲಸವನ್ನು ಹವ್ಯಾಸಿಗಳೇ ಮಾಡಿರಬೇಕು, ಕಲಿಯಲು ಅಥವಾ ಖುಷಿಗೆ ಮಾಡಿರಬೇಕು. ಫೋಟೊ, ಡೈರಿ ಎಲ್ಲ ಇಟ್ಟಿರಬೇಕು. ಮುಗಿದ ಮೇಲೆ ಸರ್ಕಾರದ ಕಡೆಯವರು ಬಂದು ನೋಡುತ್ತಾರೆ. ಒಳಗೆ ಹತ್ತುವ ಕಡೆ "ಎಕ್ಸ್‌ಪೆರಿಮೆಂಟಲ್" ಅಂತ ಕನಿಷ್ಠ ಎರಡು ಇಂಚಿನ ಅಕ್ಷರದಲ್ಲಿ ಬರೆಯಬೇಕು. ಮೊದಲು 25 ಅಥವಾ 40 ಗಂಟೆ ಗೊತ್ತುಮಾಡಿದ ಜಾಗದಲ್ಲೇ ಹಾರಿಸಿ ಪರೀಕ್ಷೆ ಮಾಡಬೇಕು. ವೈರಿಂಗ್ ಮುಚ್ಚುವ ಮೊದಲು ಇಎಎ ಅನ್ನುವ ಹವ್ಯಾಸಿ ವಿಮಾನದವರ ಸಂಘದ ಟೆಕ್ನಿಕಲ್ ಕೌನ್ಸಿಲರ್‌ನನ್ನು ಕರೆಯಬಹುದು, ದುಡ್ಡಿಲ್ಲದೆ ಬಂದು ನೋಡುತ್ತಾರೆ. ನಾನು ಕರೆದಿರಲಿಲ್ಲ. ಈಗ ಕರೆದಿದ್ದೇನೆ.

ವಿಚಿಟಾದ ಮೇಡಂಗೆ: ಬಿಚ್ಚಿ ನೋಡಿದೆ. ನೀವು ಹೆದರಿದ್ದು ಸರಿ. ಎರಡೂ ಕಡೆ ಮೈಗೆ ಅರ್ಥ್ ಮಾಡಿದ್ದೆ. ಎಡ ಮ್ಯಾಗ್ನೆಟೊದ ವೈರಿನಲ್ಲಿ, ಲಗ್ ಪಕ್ಕ ಬೆರಳುಗಲ ಜಾಗ, ಬಿಳಿ ಸ್ಲೀವ್ ಟೀ ಬಣ್ಣಕ್ಕೆ ತಿರುಗಿದೆ. ವಾಸನೆ ಬಂದದ್ದು ಅಲ್ಲಿಂದಲೇ ಇರಬೇಕು. ಎರಡೂ ಪಿ-ಲೀಡ್ ಹೊಸದಾಗಿ ಎಳೆಯುತ್ತಿದ್ದೇನೆ. ಪೆಟ್ರೋಲ್ ಹೋಸ್ ನೋಡಲು ಚೆನ್ನಾಗಿದೆ, ಆದರೂ ಬದಲಾಯಿಸುತ್ತೇನೆ. ಅದರಲ್ಲಿ ಉಳಿತಾಯ ಬೇಡ.

ಹ್ಯಾಂಗರ್ ಸರ್, ಪಟ್ಟಿ ಈಗ ಹಿತ್ತಾಳೆ ಬೋಲ್ಟ್‌ಗೆ ಬಂದಿದೆ. ಅಳೆದೆ, 0.15 ವೋಲ್ಟ್. ಮೌಂಟ್ ಬೋಲ್ಟ್ ತೆಗೆದಾಗ ವಾಷರ್ ಅಡಿಯ ಪೌಡರ್ ಕೋಟಿಂಗ್ ಹೊಸದರ ಹಾಗೆ ಹೊಳೆಯುತ್ತಿತ್ತು. ಒಂದು ಕಡೆ ಮಾತ್ರ ಸಾಸಿವೆ ಕಾಳಿನಷ್ಟು ಕಪ್ಪು ಚುಕ್ಕೆ.

ಅಪ್ಪನಿಗೆ ಫೋನಿನಲ್ಲಿ ಎಲ್ಲಾ ಹೇಳಿದೆ. ಸೋಲ್ಡರ್ ವಿಷಯ ಎತ್ತಲಿಲ್ಲ. "ಟ್ರ್ಯಾಕ್ಟರ್ ಸೆಲ್ಫ್ ಎತ್ತದಿದ್ರೆ ಮೊದಲು ಅರ್ಥ್ ಪಟ್ಟಿ ಬಿಚ್ಚಿ ಉಪ್ಪುಕಾಗದ ಹಾಕ್ತಿದ್ವಲ್ಲೋ, ನೀನೇ ಟಾರ್ಚ್ ಹಿಡಿದಿದ್ದೆ" ಅಂದರು. ಹಿಡಿದಿದ್ದೆ, ನಿಜ. ಐದನೇ ಕ್ಲಾಸಿರಬೇಕು.

ಥ್ರಾಟಲ್ ಕೇಬಲ್ ಹೊಸದಕ್ಕೆ ಆರ್ಡರ್ ಹಾಕಿದೆ. ಹಳೆಯದನ್ನು ಬಿಚ್ಚಿ ಕೈಯಲ್ಲಿ ಎಳೆದು ನೋಡಿದೆ. ಅರ್ಧ ದಾರಿ ಸಲೀಸಾಗಿ ಬರುತ್ತದೆ, ಆಮೇಲೆ ಒಂದು ಕಡೆ ಕರ್ ಅಂತ ಹಿಡಿಯುತ್ತದೆ.