ಕಳ್ಳರಿಗೆ ಹಕ್ಕು, ಕಳೆದುಕೊಂಡವರಿಗೆ ಅಲೆದಾಟ: ನ್ಯಾಯಾಲಯಗಳು ಆರೋಪಿಗಳ ಕಡೆಗೆ ವಾಲಿವೆಯೇ?

ಪ್ರಶ್ನೆ (ಹಾಸನ ಜಿಲ್ಲೆಯ ಸದಸ್ಯೆ):
ವಕೀಲರಿಗೆ ನಮಸ್ಕಾರ. ನಮ್ಮ ಅಣ್ಣನ ತೋಟದ ಮನೆಗೆ ರಾತ್ರಿ ನುಗ್ಗಿದವರು ಅಣ್ಣನ ಕೈಗೆ ಮಚ್ಚಿನಿಂದ ಹೊಡೆದು, ಅತ್ತಿಗೆಯ ಮಾಂಗಲ್ಯ ಸರ ಕಿತ್ತುಕೊಂಡು ಹೋದರು. ಇಬ್ಬರು ಸಿಕ್ಕಿಬಿದ್ದರು, ಸರವೂ ಸಿಕ್ಕಿತು. ಆದರೆ ತೊಂಬತ್ತು ದಿನವಾದರೂ ಪೊಲೀಸರು ಆರೋಪಪಟ್ಟಿ ಸಲ್ಲಿಸಲಿಲ್ಲವೆಂದು ಇಬ್ಬರಿಗೂ ಜಾಮೀನು ಸಿಕ್ಕಿದೆ. ಮೊನ್ನೆ ಅವರಲ್ಲೊಬ್ಬ ಸಂತೆಯಲ್ಲಿ ಅಣ್ಣನ ಎದುರು ನಿಂತು ‘ಸಾಕ್ಷಿ ಹೇಳಲು ಬಾ, ನೋಡೋಣ’ ಎಂದನಂತೆ. ಮೂಲಭೂತ ಹಕ್ಕು ಎಂದು ನ್ಯಾಯಾಲಯ ಅವರನ್ನು ಕಾಪಾಡುತ್ತದೆ. ನಮ್ಮನ್ನು ಕಾಪಾಡುವವರು ಯಾರು? ಇದು ಅತಿಯಾಯಿತು ಎನಿಸುವುದಿಲ್ಲವೇ ಸರ್?

ವಕೀಲರ ಉತ್ತರ:
ಅಮ್ಮಾ, ನಿಮ್ಮ ಕೋಪ ನ್ಯಾಯವಾದದ್ದು. ಆದರೆ ಅದು ಹೋಗಬೇಕಾದ ವಿಳಾಸ ನ್ಯಾಯಾಲಯವಲ್ಲ. ತೊಂಬತ್ತು ದಿನಗಳ ಗಡುವನ್ನು ಹಾಕಿದ್ದು ಸಂಸತ್ತು. ಹಿಂದೆ ದಂಡಪ್ರಕ್ರಿಯಾ ಸಂಹಿತೆಯ 167ನೇ ಕಲಮಿನಲ್ಲಿದ್ದದ್ದು ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 187ರಲ್ಲಿದೆ. ಗಂಭೀರ ಅಪರಾಧಗಳಿಗೆ 90 ದಿನ, ಉಳಿದವಕ್ಕೆ 60. ಅಷ್ಟರಲ್ಲಿ ಆರೋಪಪಟ್ಟಿ ಬಾರದಿದ್ದರೆ, ಕೇಳಿದ ಆರೋಪಿಗೆ ಜಾಮೀನು ಕೊಡಲೇಬೇಕು. 2020ರ ಎಂ. ರವೀಂದ್ರನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯವನ್ನು ಕಾಯುವ ಸಂವಿಧಾನದ 21ನೇ ವಿಧಿಗೆ ಸೇರಿದ ಹಕ್ಕು ಎಂದಿತು. ಗಾಯಾಳು ಕಣ್ಣೆದುರಿಗಿದ್ದಾರೆ, ಮಾಲು ಸಿಕ್ಕಿದೆ, ಆರೋಪಿಗಳು ಜೈಲಿನಲ್ಲಿದ್ದಾರೆ. ಇಷ್ಟಿದ್ದೂ ಮೂರು ತಿಂಗಳಲ್ಲಿ ಆರೋಪಪಟ್ಟಿ ಬರೆಯದ ತನಿಖಾಧಿಕಾರಿಯನ್ನು ಯಾರಾದರೂ ಪ್ರಶ್ನಿಸಿದರೇ?

ಗಡುವೇ ಬೇಡ ಎನ್ನುವವರಿಗೆ ಒಂದು ಅಂಕಿ ಹೇಳುತ್ತೇನೆ. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ ಸುಮಾರು 5.73 ಲಕ್ಷ ಜನರಲ್ಲಿ 4.34 ಲಕ್ಷ ಮಂದಿ ವಿಚಾರಣಾಧೀನರು. ನಾಲ್ವರಲ್ಲಿ ಮೂವರ ಮೇಲೆ ಅಪರಾಧ ಸಾಬೀತಾಗಿರಲಿಲ್ಲ. ಆರೋಪಿಗಳ ಹಕ್ಕು ಅತಿಯಾಗಿರುವ ದೇಶದ ಜೈಲುಗಳು ಹೀಗಿರಲು ಸಾಧ್ಯವೇ?

ಪ್ರತಿಕ್ರಿಯೆ (ಬೆಂಗಳೂರಿನ ಸದಸ್ಯ):
ಸರ್, ಅಂಕಿಗಳಿರಲಿ. ಪೊಲೀಸರ ಮುಂದೆ ತಪ್ಪೊಪ್ಪಿಕೊಂಡರೂ ಅದು ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. ಮಂಪರು ಪರೀಕ್ಷೆ ಮಾಡೋಣವೆಂದರೆ ಅದಕ್ಕೂ ತಡೆ. ಸತ್ಯ ಹೊರಬರುವ ದಾರಿಗಳನ್ನೆಲ್ಲ ನ್ಯಾಯಾಧೀಶರೇ ಮುಚ್ಚಿದರೆ ಹೇಗೆ?

ವಕೀಲರ ಉತ್ತರ:
ಪೊಲೀಸರೆದುರಿನ ತಪ್ಪೊಪ್ಪಿಗೆ ಸಾಕ್ಷ್ಯವಾಗದು ಎಂಬ ನಿಯಮ 1872ರ ಸಾಕ್ಷ್ಯ ಕಾಯ್ದೆಯಲ್ಲೇ ಇತ್ತು. ಬ್ರಿಟಿಷ್ ಸರ್ಕಾರಕ್ಕೇ ತನ್ನ ಪೊಲೀಸರ ಮೇಲೆ ಅಷ್ಟು ನಂಬಿಕೆ ಇರಲಿಲ್ಲ. ಆದರೂ ಆ ಬಾಗಿಲು ಪೂರ್ತಿ ಮುಚ್ಚಿಲ್ಲ. ಆರೋಪಿ ಹೇಳಿದ ಜಾಗದಲ್ಲಿ ಸರ ಸಿಕ್ಕಿದರೆ, ಸ್ವಇಚ್ಛಾ ಹೇಳಿಕೆಯ ಅಷ್ಟು ಭಾಗ ಸಾಕ್ಷ್ಯವಾಗುತ್ತದೆ. ಮೊದಲ ಪ್ರಶ್ನೆ ಕೇಳಿದ ಸಹೋದರಿಯ ಪ್ರಕರಣಕ್ಕೂ ಇದು ಮುಖ್ಯ.

ಮಂಪರು ಪರೀಕ್ಷೆಯ ಮಾತಿಗೆ ನಮ್ಮ ರಾಜ್ಯದ ನಂಟೂ ಇದೆ. ಒಂದು ಕಾಲದಲ್ಲಿ ಇಂಥ ಪರೀಕ್ಷೆಗೆ ದೇಶದ ಹಲವೆಡೆಯಿಂದ ಆರೋಪಿಗಳನ್ನು ಬೆಂಗಳೂರಿಗೆ ಕರೆತರುತ್ತಿದ್ದರು. 2010ರ ಮೇ 5ರಂದು ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬಲವಂತದ ಪರೀಕ್ಷೆಯನ್ನಷ್ಟೇ ನಿಷೇಧಿಸಿತು. ಆರೋಪಿ ಒಪ್ಪಿದರೆ ಇಂದಿಗೂ ಅವಕಾಶವಿದೆ. ಔಷಧಿಯ ಅಮಲಿನಲ್ಲಿ ಮನುಷ್ಯ ಕಲ್ಪನೆಯನ್ನೂ ಆಡುತ್ತಾನೆ, ಕೇಳಿದವರು ಬಯಸಿದ್ದನ್ನೂ ಹೇಳುತ್ತಾನೆ. ಅದನ್ನು ಸತ್ಯವೆಂದು ಕರೆಯಲು ನನಗೆ ಮನಸ್ಸಿಲ್ಲ.

ಅಮೆರಿಕದ ಧಾರಾವಾಹಿಗಳನ್ನು ನೋಡಿ ಅನೇಕರು ಇಲ್ಲಿಯೂ ಹಾಗೆಯೇ ಎಂದುಕೊಂಡಿದ್ದಾರೆ. ಅಲ್ಲಿ 1961ರ ಮ್ಯಾಪ್ ತೀರ್ಪಿನ ನಂತರ, ಅಕ್ರಮ ಶೋಧದಲ್ಲಿ ಸಿಕ್ಕ ವಸ್ತುವನ್ನು ಸಾಮಾನ್ಯವಾಗಿ ಸಾಕ್ಷ್ಯವಾಗಿ ಬಳಸುವಂತಿಲ್ಲ. ನಮ್ಮಲ್ಲಿ 1973ರ ಪೂರಣ್ ಮಲ್ ತೀರ್ಪು ಅದಕ್ಕೆ ತದ್ವಿರುದ್ಧ: ಶೋಧ ಅಕ್ರಮವಾಗಿದ್ದರೂ, ಪ್ರಕರಣಕ್ಕೆ ಸಂಬಂಧಿಸಿದ ವಸ್ತು ಸಾಕ್ಷ್ಯವಾಗಬಲ್ಲದು. ಆರೋಪಿಯ ರಕ್ಷಣೆಯಲ್ಲಿ ನಮ್ಮ ನ್ಯಾಯಾಲಯಗಳು ಅಲ್ಲಿಯವರೆಗೆ ಹೋಗಿಯೇ ಇಲ್ಲ.

ಪ್ರತಿಕ್ರಿಯೆ (ನಿವೃತ್ತ ಪೊಲೀಸ್ ಸಿಬ್ಬಂದಿ):
ವಕೀಲರೇ, ಕುಳಿತು ಹೇಳುವುದು ಸುಲಭ. ಠಾಣೆಗೆ ಇರುವುದೇ ಬೆರಳೆಣಿಕೆಯ ಜನ. ಬಂದೋಬಸ್ತ್, ಸಮನ್ಸ್, ತನಿಖೆ ಎಲ್ಲವೂ ಅವರ ತಲೆಯ ಮೇಲೆ. ಈಗ ಬಂಧನದ ಕಾರಣವನ್ನೂ ಬರೆದು ಕೊಡಬೇಕು, ಇಲ್ಲದಿದ್ದರೆ ಆರೋಪಿ ಹೊರಗೆ. ಇದು ನ್ಯಾಯವೇ?

ವಕೀಲರ ಉತ್ತರ:
ಸಿಬ್ಬಂದಿಯ ಕೊರತೆಯ ಬಗ್ಗೆ ನಿಮ್ಮ ಮಾತು ನಿಜ. ಇನ್ನೊಂದು ಕಡೆಯೂ ನಾನು ನಿಮ್ಮ ಪರ. ನಮ್ಮ ರಾಜ್ಯದ ಚಿತ್ರನಟರೊಬ್ಬರು ಆರೋಪಿಯಾಗಿರುವ ಕೊಲೆ ಪ್ರಕರಣದಲ್ಲಿ, 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಜಾಮೀನು ರದ್ದುಪಡಿಸುತ್ತಾ, ಲಿಖಿತ ಕಾರಣ ಕೊಡದಿದ್ದ ಮಾತ್ರಕ್ಕೆ ಬಂಧನ ಅಸಿಂಧುವಾಗದು, ಆರೋಪಿಗೆ ಅದರಿಂದ ತೊಂದರೆಯಾಗಿರಬೇಕು ಎಂದಿತು. ಅದೇ ನವೆಂಬರ್‌ನಲ್ಲಿ ಮಿಹಿರ್ ಶಾ ಪ್ರಕರಣದಲ್ಲಿ, ಯಾವುದೇ ಅಪರಾಧವಿರಲಿ, ಆರೋಪಿಗೆ ತಿಳಿಯುವ ಭಾಷೆಯಲ್ಲಿ ಲಿಖಿತ ಕಾರಣ ಕೊಡಲೇಬೇಕು, ಇಲ್ಲದಿದ್ದರೆ ಬಂಧನ ಅಕ್ರಮ ಎಂದಿತು. ಮೂರು ತಿಂಗಳಲ್ಲಿ ಹೀಗೆ ಎರಡು ದನಿ ಕೇಳಿದರೆ ಪೇದೆ ಗೊಂದಲಕ್ಕೆ ಬೀಳುವುದು ಸಹಜ. ಆ ಹೊಣೆಯನ್ನು ನ್ಯಾಯಾಲಯವೇ ಹೊರಬೇಕು.

ಆದರೆ ಎರಡನೆಯ ತೀರ್ಪನ್ನು ಪೂರ್ತಿ ಓದಿ. ತಕ್ಷಣ ಬರೆದು ಕೊಡಲಾಗದಿದ್ದರೆ ಬಾಯಲ್ಲಿ ಹೇಳಿ, ರಿಮಾಂಡ್‌ಗೆ, ಅಂದರೆ ಆರೋಪಿಯನ್ನು ವಶಕ್ಕೆ ಕೇಳಲು, ನ್ಯಾಯಾಧೀಶರ ಮುಂದೆ ಹಾಜರುಪಡಿಸುವ ಎರಡು ಗಂಟೆ ಮೊದಲಾದರೂ ಬರಹದಲ್ಲಿ ಕೊಟ್ಟರೆ ಸಾಕು. ತಪ್ಪಿದರೂ ಆರೋಪಿ ಖುಲಾಸೆಯಾಗುವುದಿಲ್ಲ, ಕಾರಣ ಕೊಟ್ಟು ಮತ್ತೆ ವಶಕ್ಕೆ ಕೇಳಬಹುದು. ಒಂದು ಹಾಳೆಯ ಕೆಲಸ ಇದು.

ಈ ನಿಯಮಗಳು ಸಂತ್ರಸ್ತರಿಗೂ ಏಕೆ ಬೇಕು ಎಂಬುದಕ್ಕೆ ಒಂದು ಪ್ರಕರಣ ನನ್ನನ್ನು ಸದಾ ಕಾಡುತ್ತದೆ. 2003ರಲ್ಲಿ ಮಹಾರಾಷ್ಟ್ರದ ಸೀಬೆ ತೋಟವೊಂದರ ಗುಡಿಸಲಿಗೆ ದರೋಡೆಕೋರರು ನುಗ್ಗಿ ಐವರನ್ನು ಕೊಂದರು. ಬದುಕುಳಿದ ತಾಯಿ ಪೊಲೀಸರ ಫೋಟೊಗಳಲ್ಲಿ ನಾಲ್ವರನ್ನು ಗುರುತಿಸಿದಳು. ಆ ನಾಲ್ವರನ್ನು ಬಿಟ್ಟು, ಅಲೆಮಾರಿ ಸಮುದಾಯದ ಬೇರೆ ಆರು ಜನರ ಮೇಲೆ ಮೊಕದ್ದಮೆ ನಡೆಯಿತು. ತಾಯಿಯ ಆ ಹೇಳಿಕೆಯನ್ನು ಮುಚ್ಚಿಡಲಾಯಿತು. 2009ರಲ್ಲಿ ಸುಪ್ರೀಂ ಕೋರ್ಟೇ ಆರೂ ಜನರಿಗೆ ಗಲ್ಲು ಎಂದಿತು. ಮುಂದೆ ಅದೇ ನ್ಯಾಯಾಲಯ ಆ ತೀರ್ಪನ್ನು ಹಿಂಪಡೆದು, 2019ರ ಮಾರ್ಚ್‌ನಲ್ಲಿ ಆರೂ ಜನರನ್ನು ಬಿಡುಗಡೆ ಮಾಡಿ, ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಹದಿನಾರು ವರ್ಷ ಹೋಯಿತು. ಕಣ್ಣಾರೆ ಕಂಡು ಗುರುತಿಸಿದ ಆ ತಾಯಿಗೆ ಸಿಕ್ಕಿದ್ದೇನು? ಆರೋಪಿಗಳ ಪರ ಗಟ್ಟಿ ವಕೀಲರಿದ್ದು, ಆ ಹೇಳಿಕೆ ಮೊದಲ ದಿನವೇ ಅವರ ಕೈಸೇರಿದ್ದರೆ, ನಿಜವಾದ ಹಂತಕರ ಹುಡುಕಾಟ ಆಗಲೇ ಶುರುವಾಗುತ್ತಿತ್ತು.

ಪ್ರಶ್ನೆ (ಹಾಸನದ ಸದಸ್ಯೆ, ಮತ್ತೆ):
ಓದಿ ಸಂಕಟವಾಯಿತು ಸರ್. ಆದರೆ ಅಣ್ಣ ಈಗ ತೋಟಕ್ಕೆ ಹೋಗಲೂ ಹೆದರುತ್ತಿದ್ದಾರೆ. ನಾವು ಏನು ಮಾಡಬಹುದು?

ವಕೀಲರ ಉತ್ತರ:
ಸಂತೆಯಲ್ಲಿ ಆಡಿದ ಮಾತಿನ ಬಗ್ಗೆ ಇಂದೇ ಠಾಣೆಯಲ್ಲಿ ಲಿಖಿತ ದೂರು ಕೊಡಿ, ಸ್ವೀಕೃತಿ ಪಡೆಯಿರಿ. ಕೇಳಿಸಿಕೊಂಡವರ ಹೆಸರುಗಳನ್ನೂ ಬರೆಯಿರಿ. ಆ ದೂರಿನ ಪ್ರತಿಯೊಂದಿಗೆ ಸರ್ಕಾರಿ ಅಭಿಯೋಜಕರನ್ನು ಕಂಡು ಜಾಮೀನು ರದ್ದತಿಗೆ ಅರ್ಜಿ ಹಾಕಿಸಿ. ಸಾಕ್ಷಿಯನ್ನು ಬೆದರಿಸುವುದು ರದ್ದತಿಗೆ ಬಲವಾದ ಆಧಾರ. ಗಡುವು ಮೀರಿ ಸಿಕ್ಕ ಜಾಮೀನನ್ನೂ, ಆರೋಪಪಟ್ಟಿ ಬಂದ ಮೇಲೆ ವಿಶೇಷ ಕಾರಣಗಳಿದ್ದರೆ ರದ್ದುಪಡಿಸಬಹುದೆಂದು 2023ರ ಗಂಗಿ ರೆಡ್ಡಿ ತೀರ್ಪು ಹೇಳುತ್ತದೆ. ಆ ವಿಚಾರಣೆಯಲ್ಲಿ ನಿಮ್ಮ ಅಣ್ಣನ ಮಾತನ್ನೂ ಕೇಳಬೇಕು. 2022ರಲ್ಲಿ ಜಗ್ಜೀತ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸಂತ್ರಸ್ತರ ಆ ಹಕ್ಕನ್ನು ಎತ್ತಿಹಿಡಿದಿದೆ.

ಜೊತೆಗೆ 2018ರ ಸಾಕ್ಷಿ ಸಂರಕ್ಷಣಾ ಯೋಜನೆಯಡಿ ಅರ್ಜಿ ಹಾಕಿ. ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಧೀಶರ ಅಧ್ಯಕ್ಷತೆಯ ಸಮಿತಿ ಅದನ್ನು ತೀರ್ಮಾನಿಸುತ್ತದೆ. ತನಿಖೆ ಎಲ್ಲಿಗೆ ಬಂದಿದೆ ಎಂದು 90 ದಿನಗಳೊಳಗೆ ನಿಮಗೆ ತಿಳಿಸುವುದು ಹೊಸ ಸಂಹಿತೆಯ 193ನೇ ಕಲಮಿನಂತೆ ಪೊಲೀಸರ ಕರ್ತವ್ಯವಾಗಿತ್ತು. ಅದನ್ನು ಮಾಡದಿದ್ದರೆ, ಆರೋಪಪಟ್ಟಿ ತಡವಾದ ಸಂಗತಿಯನ್ನೂ ಸೇರಿಸಿ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ದೂರು ಬರೆಯಿರಿ. ಖರ್ಚಿನ ಚಿಂತೆಯಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ನೀವೇ ಹೋಗಿ. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಅಲ್ಲಿ ಉಚಿತ ನೆರವು ಸಿಗುತ್ತದೆ, ಅತ್ತಿಗೆಯ ಹೆಸರಿನಲ್ಲೇ ಅರ್ಜಿ ಕೊಡಬಹುದು.