ಹೊರಗುತ್ತಿಗೆ ಸಂಬಳ, ಪಿಎಫ್, ಇಎಸ್‌ಐ: ಇವತ್ತಿನ ಪ್ರಶ್ನೋತ್ತರ

ಅಡ್ಮಿನ್: ಕೊಡಗಿನ ಸರ್ಕಾರಿ ಕಚೇರಿ, ಹಾಸ್ಟೆಲ್, ಆಸ್ಪತ್ರೆಗಳಲ್ಲಿ ಏಜೆನ್ಸಿ ಮೂಲಕ ದುಡಿಯುವವರ ಸಂಬಳ, ಪಿಎಫ್ (ಭವಿಷ್ಯ ನಿಧಿ), ಇಎಸ್‌ಐ (ಆರೋಗ್ಯ ವಿಮೆ) ಪ್ರಶ್ನೆಗಳಿಗೆ ಕಾರ್ಮಿಕ ಕಾನೂನು ಸಲಹೆಗಾರರಾದ ಮೇಡಂ ಉತ್ತರಿಸುತ್ತಾರೆ. ಇಲಾಖೆ, ಏಜೆನ್ಸಿ ಹೆಸರು ಬರೆಯಬೇಡಿ.

ನಾಪೋಕ್ಲು ಡ್ರೈವರ್: ನಮಸ್ತೆ ಮೇಡಂ. ಸಂಬಳ ಯಾವ ತಾರೀಕಿನೊಳಗೆ ಕೊಡಬೇಕು? ನಮಗೆ ಎರಡು ತಿಂಗಳಿಗೊಮ್ಮೆ ಬರುತ್ತೆ.

ಮೇಡಂ: ಮುಂದಿನ ತಿಂಗಳ 7ರೊಳಗೆ. ಏಜೆನ್ಸಿ ಕೊಡದಿದ್ದರೆ ಇಲಾಖೆಯೇ ಕೊಟ್ಟು, ಅವರ ಬಿಲ್‌ನಲ್ಲಿ ಹಿಡಿದುಕೊಳ್ಳಬೇಕು. ಇಲಾಖೆಗೆ ಲಿಖಿತ ಅರ್ಜಿ ಕೊಡಿ. ಒಂದು ಪ್ರತಿಗೆ ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ.

ಸೋಮವಾರಪೇಟೆ ಅಕ್ಕ: ಮೇಡಂ, ನಾನು ಹಾಸ್ಟೆಲ್ ಅಡುಗೆಯವಳು. ಸಂಬಳದ ಚೀಟಿಯಲ್ಲಿ ಮೂಲ ವೇತನ, ತುಟ್ಟಿಭತ್ಯೆ ಸೇರಿ 14,000. ಪಿಎಫ್ 3,500, ಇಎಸ್‌ಐ 560 ಹಿಡಿದು ಕೈಗೆ 9,940 ಕೊಡ್ತಾರೆ. ಮಗಳು ಸರ್ಕಾರದ ಉಮಂಗ್ ಆಪ್‌ನಲ್ಲಿ ನೋಡಿದಳು. ಜೂನ್‌ನಿಂದ ಪಿಎಫ್ ಕಟ್ಟೇ ಇಲ್ಲವಂತೆ.

ಮೇಡಂ: ಅಕ್ಕ, ಇದು ಗಂಭೀರ ವಿಷಯ. ಸ್ವಲ್ಪ ಉದ್ದ ಬರೆಯುತ್ತೇನೆ. 14,000ಕ್ಕೆ ನಿಮ್ಮ ಪಾಲಿನ ಪಿಎಫ್ 12%, ಅಂದರೆ 1,680. ಇಎಸ್‌ಐ 0.75%, ಅಂದರೆ 105. ಒಟ್ಟು 1,785 ಮಾತ್ರ ಹಿಡಿಯಬೇಕು. ಅವರು ಹಿಡಿದಿದ್ದು 4,060. ಹೆಚ್ಚಾದ 2,275 ಎಲ್ಲಿಯದು ಗೊತ್ತಾ? ಮಾಲೀಕರ, ಅಂದರೆ ಏಜೆನ್ಸಿಯ, ಪಾಲಿನ ಪಿಎಫ್, ವಿಮೆ ಮತ್ತು ಆಡಳಿತ ಶುಲ್ಕ ಸೇರಿ 13%, 1,820. ಮಾಲೀಕರ ಇಎಸ್‌ಐ 3.25%, 455. ಕೂಡಿಸಿ ನೋಡಿ, ಪೈಸೆ ಬಿಡದೆ ಅಷ್ಟೇ. ಅವರ ಪಾಲನ್ನೂ ನಿಮ್ಮಿಂದಲೇ ಕಟ್ಟಿಸಿಕೊಂಡಿದ್ದಾರೆ. ನೀವು ಸಹಿ ಹಾಕಿದ್ದರೂ ಇದಕ್ಕೆ ಕಾನೂನಿನಲ್ಲಿ ಅವಕಾಶ ಇಲ್ಲ.

ಇನ್ನೊಂದು ಅನುಮಾನ ಇದೆ. ಇಂಥ ಟೆಂಡರ್‌ಗಳಲ್ಲಿ ಸಾಮಾನ್ಯವಾಗಿ ಮಾಲೀಕರ ಪಾಲನ್ನು ಇಲಾಖೆ ಬಿಲ್‌ನಲ್ಲೇ ಕೊಡುತ್ತದೆ, ಸೇವಾ ಶುಲ್ಕ ಬೇರೆ. ನಿಮ್ಮಲ್ಲೂ ಹಾಗೇ ಇದ್ದರೆ ಏಜೆನ್ಸಿಗೆ ಒಂದೇ ಹಣ ಎರಡು ಕಡೆಯಿಂದ ಬಂದಿದೆ. ಕಟ್ಟಿದ್ದು ಮಾತ್ರ ಸೊನ್ನೆ. ಹಾಗಾದರೆ ಬಿಲ್ ಪಾಸ್ ಆಗಿದ್ದು ಹೇಗೆ? ಬೇರೆ ಊರಿನ ಕೆಲಸಗಾರರ ಚಲನ್ (ಪಿಎಫ್ ಕಟ್ಟಿದ ರಸೀದಿ) ಲಗತ್ತಿಸುವ ಚಾಳಿ ಕೆಲವರಿಗಿದೆ. ಕಚೇರಿಯಲ್ಲಿ ಮೊತ್ತ ನೋಡುತ್ತಾರೆ, ಹೆಸರು ನೋಡುವುದಿಲ್ಲ.

ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಇಲಾಖೆಯಿಂದ ಏಜೆನ್ಸಿಯ ಕಾರ್ಯಾದೇಶದ ದರ ವಿಂಗಡಣೆ, ಜೂನ್‌ನಿಂದ ಈಚಿನ ಬಿಲ್‌ಗಳು, ಜೊತೆಗಿಟ್ಟ ಪಿಎಫ್ ಪಟ್ಟಿಯಲ್ಲಿ ನಿಮ್ಮ ಹೆಸರಿರುವ ಪುಟ ಕೇಳಿ. ಹೆಸರೇ ಇಲ್ಲ ಅಂತ ಉತ್ತರ ಬಂದರೆ ಅದೇ ದೊಡ್ಡ ಸಾಕ್ಷಿ. ಅದಕ್ಕೆ ಕಾಯದೆ ಪಿಎಫ್ ಕಚೇರಿಗೂ ಮಡಿಕೇರಿಯ ಕಾರ್ಮಿಕ ಅಧಿಕಾರಿಗೂ ಈಗಲೇ ದೂರು ಕೊಡಿ. ಏಜೆನ್ಸಿ ಕಟ್ಟದ ಪಿಎಫ್‌ಗೆ ಇಲಾಖೆಯೂ ಹೊಣೆ. ಅಸಲು ಚೀಟಿ ಯಾರ ಕೈಗೂ ಕೊಡಬೇಡಿ, ವಾರ್ಡನ್ ಕೇಳಿದರೂ.

ಕುಶಾಲನಗರ ಸೂಪರ್‌ವೈಸರ್: ಒಂದೇ ಕಡೆ ಮಾತಾಡಬೇಡಿ ಮೇಡಂ. ಇಲಾಖೆ ಬಿಲ್ ನಾಲ್ಕು ತಿಂಗಳು ಕೂರಿಸುತ್ತೆ. ನಮ್ಮ ಮಾಲೀಕರು ಬಡ್ಡಿಗೆ ತಂದು ಸಂಬಳ ಕೊಡ್ತಾರೆ.

ನಾಪೋಕ್ಲು ಡ್ರೈವರ್: ಹೊಸ ಕಾರೂ ಬಡ್ಡಿಗೆ ತಂದಿದ್ದಾ?

ಕುಶಾಲನಗರ ಸೂಪರ್‌ವೈಸರ್: ಇಷ್ಟ ಇಲ್ಲದಿದ್ರೆ ತೋಟದ ಕೆಲಸಕ್ಕೆ ಹೋಗಿ. ಯಾರೂ ಹಿಡ್ಕೊಂಡಿಲ್ಲ.

ಸೋಮವಾರಪೇಟೆ ಅಕ್ಕ: ತೋಟದಲ್ಲಿ ಇರೋಕೆ ಲೈನ್ ಮನೆಯಾದ್ರೂ ಸಿಗುತ್ತೆ ಅಣ್ಣ.

ಪೊನ್ನಂಪೇಟೆ ಸದಸ್ಯ: ಆಟಿ ಮಳೆಯಲ್ಲಿ ಆ ಲೈನ್ ಮನೆ ಸೋರೋದು ನೋಡಿದ್ದೀರಾ?

ಸಿದ್ದಾಪುರ ಪ್ಲಾಂಟರ್: ನಮ್ಮ ಲೈನ್ ಸೋರಲ್ಲ. ಸುಮ್ನೆ ತೋಟದವರನ್ನ ಎಳೀಬೇಡಿ. ಕಾಳುಮೆಣಸು ಕೊಯ್ಯೋಕೆ ಆಳೇ ಇಲ್ಲ ಇಲ್ಲಿ.

ಪೊನ್ನಂಪೇಟೆ ಸದಸ್ಯ: ಸಂಬಳ ಸರಿಯಾಗಿ ಕೊಟ್ರೆ ಬರ್ತಾರೆ.

ಮೇಡಂ: ಬಿಲ್ ತಡವಾಗಿದ್ದಕ್ಕೆ ಸಂಬಳ ತಡ ಮಾಡುವ ಹಾಗಿಲ್ಲ. ಅದು ಏಜೆನ್ಸಿ ಮತ್ತು ಇಲಾಖೆ ನಡುವಿನ ಜಗಳ. ತೋಟದ ವಿಷಯ ಇವತ್ತು ಬೇಡ.

ವಿರಾಜಪೇಟೆ ಆಯಾ: ಇಎಸ್‌ಐ ಕಾರ್ಡ್ ಇದೆ. ಮಡಿಕೇರಿಯಲ್ಲಿ ಯಾವ ಆಸ್ಪತ್ರೆಯಲ್ಲಿ ತೋರಿಸಬೇಕು ಮೇಡಂ?

ಭಾಗಮಂಡಲ ಸದಸ್ಯ: 🙏 ಎಲ್ಲರಿಗೂ ಕಳಿಸಿ: 240 ದಿನ ಆದವರು ಖಾಯಂ! ಹೊಸ ಕಾನೂನಿನಲ್ಲಿ ಒಂದೇ ವರ್ಷಕ್ಕೆ ಎಲ್ಲರಿಗೂ ಗ್ರಾಚ್ಯುಟಿ! ಪಿಎಫ್ ಬೇಡ ಅಂತ ಬಾಂಡ್ ಪೇಪರಲ್ಲಿ ಬರೆದುಕೊಟ್ಟರೆ ಪೂರ್ತಿ ಸಂಬಳ!

ಮೇಡಂ: ಇದನ್ನು ಅಳಿಸಿ. 240 ದಿನಕ್ಕೆ ಯಾರೂ ಖಾಯಂ ಆಗುವುದಿಲ್ಲ. ವರ್ಷಗಟ್ಟಲೆ ದುಡಿದ ಮಾತ್ರಕ್ಕೆ ಸರ್ಕಾರಿ ಹುದ್ದೆಯ ಹಕ್ಕು ಬರುವುದಿಲ್ಲ ಅಂತ 2006ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ, ಅದೂ ಕರ್ನಾಟಕದ್ದೇ ಉಮಾದೇವಿ ಪ್ರಕರಣದಲ್ಲಿ. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಬಂದಿರುವುದು ನಿಜ. ಆದರೆ ಒಂದು ವರ್ಷಕ್ಕೇ ಗ್ರಾಚ್ಯುಟಿ (ಕೆಲಸ ಬಿಡುವಾಗ ಸಿಗುವ ಇಡಿಗಂಟು) ನಿಗದಿತ ಅವಧಿಗೆ ನೇಮಕವಾದವರಿಗೆ, ಎಲ್ಲರಿಗೂ ಅಲ್ಲ. 15,000ದೊಳಗಿನ ಸಂಬಳಕ್ಕೆ ಪಿಎಫ್ ಬೇಡ ಅನ್ನುವ ಹಾಗೇ ಇಲ್ಲ. ಅಂಥ ಬಾಂಡ್ ಬರೆದುಕೊಟ್ಟು ಆಮೇಲೆ ನನ್ನ ಹತ್ತಿರ ಅಳುತ್ತಾ ಬಂದವರಿದ್ದಾರೆ.

ಭಾಗಮಂಡಲ ಸದಸ್ಯ: ಬಂದಿದ್ದನ್ನ ಕಳಿಸಿದೆ ಅಷ್ಟೇ. ಅದಕ್ಕೆ ಯಾಕಿಷ್ಟು ಸಿಟ್ಟು?

ಶನಿವಾರಸಂತೆ ಸದಸ್ಯ: ಮೇಡಂ, ಸಂಬಳ ಯಾವ ತಾರೀಕಿನೊಳಗೆ ಕೊಡಬೇಕು?

ಮೇಡಂ: ಮೇಲೆ ನೋಡಿ.

ಶನಿವಾರಸಂತೆ ಸದಸ್ಯ: ಎಲ್ಲಿ?

ಮೇಡಂ: 7.

ಕುಶಾಲನಗರ ಸೂಪರ್‌ವೈಸರ್: ಆ ಅಡುಗೆಯವರು ಯಾವ ಹಾಸ್ಟೆಲ್? ನಾನೇ ಮಾತಾಡಿ ಸರಿ ಮಾಡಿಸ್ತೇನೆ.

ಮೇಡಂ: ಅಕ್ಕ, ಇದಕ್ಕೆ ಉತ್ತರ ಕೊಡಬೇಡಿ. ಚೀಟಿಗಳ ಫೋಟೊ ನನಗೆ ಖಾಸಗಿಯಾಗಿ ಕಳಿಸಿ.

ವಿರಾಜಪೇಟೆ ಆಯಾ: ನನ್ನ ಇಎಸ್‌ಐ ಪ್ರಶ್ನೆ ಮೇಡಂ?

ನಾಪೋಕ್ಲು ಡ್ರೈವರ್: ಸೂಪರ್‌ವೈಸರ್ ಸಾಹೇಬ್ರೇ, ಕಾರಿನ ಬಗ್ಗೆ ಹೇಳಲೇ ಇಲ್ಲ ನೀವು.